ತಲೆದೆಸೆ

ಎಡಗೈ ಅಂಗಿಯ ತೋಳಿಗೆ ಹೋಗಲೊಲ್ಲದು. ತಂಗಿ ನೆಲದ ಮೇಲೆ ಮಂಡಿಯೂರಿ, ಅಕ್ಕನ ಬೆರಳುಗಳನ್ನು ಒಟ್ಟು ಮಾಡಿ ಹಿಡಿದು, ಮತ್ತೊಮ್ಮೆ ತೂರಿಸಲು ನೋಡಿದಳು. ಮೊಣಕೈ ತನಕ ಬಂದ ತೋಳು ಅಲ್ಲೇ ನಿಂತಿತು. ಬದುಕಿದ್ದಾಗಲೂ ಹೇಳಿದ್ದು ಕೇಳಿದವಳಲ್ಲ, ಈಗ ಕೇಳುತ್ತಾಳೆಯೇ?

"ಬೆನ್ನ ಹಿಂದೆ ಕತ್ತರಿ ಹಾಕಿಬಿಡಿ," ಎಂದಳು ಬಾಗಿಲಿಗೆ ಒರಗಿ ನಿಂತಿದ್ದ ಎದುರುಮನೆಯಾಕೆ. "ಎಲ್ಲಾ ಕಡೆ ಹಾಗೇ ಮಾಡೋದು. ಮುಂದೆ ಚೆನ್ನಾಗಿ ಕಂಡ್ರೆ ಆಯ್ತು, ಹಿಂದೆ ಯಾರು ನೋಡ್ತಾರೆ?"

"ಇದು ನಾನು ಹೊಲಿದಿದ್ದು," ಎಂದಳು ತಂಗಿ.

ಎದುರುಮನೆಯಾಕೆ ನೀರಿನ ಬಕೆಟ್ಟನ್ನು ಸುಮ್ಮನೆ ಈಚೆಯಿಂದ ಆಚೆಗೆ ಸರಿಸಿದಳು.

ತಂಗಿ ದರ್ಜಿ. ಮೂರನೆಯ ಮಹಡಿಯ ಆ ಎರಡು ಕೋಣೆಗಳಲ್ಲಿ ಒಂದನ್ನು ಅವಳ ಹೊಲಿಗೆ ಯಂತ್ರವೇ ನುಂಗಿಹಾಕಿತ್ತು. ಇನ್ನೊಂದರಲ್ಲಿ ಅಕ್ಕನ ಮಂಚ, ಒಂದು ಕುರ್ಚಿ, ಕಿಟಕಿ. ವರ್ಷಕ್ಕೆರಡು ಸಲ ಅಕ್ಕನಿಗೆ ಹೊಸ ಅಂಗಿ ಹೊಲಿದು, ಮಡಿಸಿ, ಹೇಳದೆ ಕೇಳದೆ ಆ ಮಂಚದ ಮೇಲೆ ಇಟ್ಟುಬಿಡುವಳು. ಅಳತೆ ತೆಗೆಯಬೇಕಾದರೆ ಹತ್ತಿರ ನಿಲ್ಲಬೇಕು, ಕೈ ಎತ್ತು ಅನ್ನಬೇಕು, ತಿರುಗು ಅನ್ನಬೇಕು. ಅಷ್ಟು ಮಾತು ಆ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಎಲ್ಲವೂ ಕಣ್ಣಳತೆಯಲ್ಲೇ. ಅಕ್ಕನೂ ಬಿಗಿಯಾಯಿತು, ಸಡಿಲವಾಯಿತು ಎಂದು ಒಂದು ದಿನವೂ ಅನ್ನಲಿಲ್ಲ. ಕೊಟ್ಟದ್ದನ್ನು ಕೊಟ್ಟಂತೆ ತೊಟ್ಟುಕೊಂಡು ಕೆಲಸಕ್ಕೆ ಹೋದಳು. ಕೆಲಸ ಮುಗಿದ ವಯಸ್ಸಿನಲ್ಲೂ ತಿಂಗಳಿಗೊಮ್ಮೆ ತಪ್ಪದೆ ಹೋಗಿಬರುತ್ತಿದ್ದಳು.

ಸತ್ತದ್ದೂ ಹಾಗೆಯೇ, ಸದ್ದಿಲ್ಲದೆ. ನಿನ್ನೆ ಮಧ್ಯಾಹ್ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ಈಚೆ ಕೋಣೆಯಲ್ಲಿ ತಂಗಿಯ ಯಂತ್ರ ಗಡಗಡ ಓಡುತ್ತಿತ್ತು. ನಿಲ್ಲಿಸಿದಾಗ ಮನೆ ತೀರಾ ನಿಶ್ಶಬ್ದವಾಗಿದೆ ಅನ್ನಿಸಿತು. ಆದರೆ ಆ ಮನೆಗೆ ನಿಶ್ಶಬ್ದ ಹೊಸದಲ್ಲವಲ್ಲ, ಗಿರಾಕಿಯ ಅಂಗಿಯ ಇನ್ನೊಂದು ತೋಳನ್ನೂ ಹೊಲಿದು ಮುಗಿಸಿಯೇ ಎದ್ದಳು. ಆ ಇನ್ನೊಂದು ತೋಳು ಈಗ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಚಿಕ್ಕಪ್ಪನ ಮಗ ಮೆಟ್ಟಿಲಿನಿಂದ ಇಣುಕಿದ. ಕಿವಿಗೆ ಫೋನು ಅಂಟಿಸಿಕೊಂಡೇ ಹುಟ್ಟಿದ ಮನುಷ್ಯ. ಬೆಳಿಗ್ಗೆಯಿಂದ ಗಾಡಿ, ಚಿತಾಗಾರ ಎಂದು ಓಡಾಡುತ್ತಿದ್ದವನೂ ಅವನೇ.

"ಗಾಡಿ ಹೊರಟಿದೆಯಂತೆ. ಇನ್ನು ಬರೋರು ಯಾರಾದ್ರೂ ಇದಾರಾ? ಕಾಯ್ಬೇಕಾ?"

"ಯಾರಿದಾರೆ ನಮಗೆ?" ಎಂದಳು ತಂಗಿ.

ಅವನು ತಲೆ ಕೆರೆದುಕೊಂಡು ಕೆಳಗಿಳಿದ. ಇಳಿದ ಹೆಜ್ಜೆಗಳ ಸದ್ದಿಗೆ ಎದುರಾಗಿ ಹತ್ತುವ ಹೆಜ್ಜೆಗಳ ಸದ್ದು ಕೇಳಿಸಿತು. ಒಂದೆರಡಲ್ಲ, ಒಂದು ಗುಂಪೇ. ಏದುಸಿರು ಬಿಡುತ್ತಾ ಏಳೆಂಟು ಹೆಂಗಸರು ಬಾಗಿಲಲ್ಲಿ ಕಾಣಿಸಿಕೊಂಡರು. ಕೆಲವರು ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದರು. ಮುಂದಿದ್ದ ದಪ್ಪ ಹುಡುಗಿ ಒಳಗೆ ನೋಡಿದವಳೇ ಬಾಯಿಗೆ ಕೈ ಅಡ್ಡ ಇಟ್ಟಳು.

"ಅಯ್ಯೋ, ನಮ್ಮ ಬಾಣಂತೀ!" ಎಂದು ಗೊಳೋ ಎಂದು ಅತ್ತಳು.

ಎದುರುಮನೆಯಾಕೆಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮದುವೆಯನ್ನೇ ಆಗದೆ ಕೂದಲು ಹಣ್ಣಾದ ಹೆಂಗಸನ್ನು ಬಾಣಂತಿ ಎಂದು ಕರೆಯುವುದೆಂದರೇನು! ತಂಗಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಅವಳ ಮೈ ಉರಿದುಹೋಯಿತು. ಕೊನೆಗೂ ಬಂದರಲ್ಲ ಆ ನಾಟಕದ ಮಂದಿ, ಇವತ್ತೂ ಬಿಡಲಿಲ್ಲವಲ್ಲ ಎಂದುಕೊಂಡಳು.

*

ತಂಗಿಗೆ ಒಂದೇ ಒಂದು ಹೆರಿಗೆ ಆಗಿತ್ತು. ಆಗ ಅವಳಿಗೆ ಗಂಡ ಇದ್ದ, ಬೇರೆ ಮನೆ ಇತ್ತು, ಹೊಲಿದಿಟ್ಟ ಪುಟಾಣಿ ಅಂಗಿಗಳು ಒಂದು ಪೆಟ್ಟಿಗೆಯ ತುಂಬ ಇದ್ದವು. ಹೆರಿಗೆ ಕೋಣೆಗೆ ಹೊರಗಿನವರು ಬರುವ ಹಾಗಿರಲಿಲ್ಲ. ಅಕ್ಕ ಬಾಗಿಲ ತನಕ ಕೈ ಹಿಡಿದು ಬಂದಿದ್ದಳು, ಬಾಗಿಲು ಮುಚ್ಚಿತು. ಮಗು ಹೊರಗೆ ಬಂತು, ಅಳಲಿಲ್ಲ. ಯಾರೋ ಅದನ್ನು ಎತ್ತಿಕೊಂಡು ಓಡಿದರು. ಆಮೇಲೆ ಮಂಚದ ಸುತ್ತ ಜನ ತುಂಬಿಕೊಂಡರು. ಅದು ತಾ ಅಂದರು, ಇದು ಎಲ್ಲಿ ಅಂದರು, ಒಬ್ಬರ ಮೇಲೊಬ್ಬರು ಕೂಗಾಡಿದರು. ಅವಳ ಕೆಳಗಿನ ಹಾಸಿಗೆ ಬೆಚ್ಚಗೆ ಒದ್ದೆಯಾಗುತ್ತಲೇ ಇತ್ತು.

"ಏನಾಗ್ತಿದೆ? ಯಾರಾದ್ರೂ ಹೇಳ್ರೀ... ನನ್ನ ಮಗು ಯಾಕೆ ಅಳ್ತಿಲ್ಲ?" ಎಂದು ಅವಳು ಕೇಳಿದಳು. ಕೇಳುತ್ತಲೇ ಇದ್ದಳು. ಕಾಲ ಬಳಿ ಅಷ್ಟು ಜನ ಇದ್ದರು, ಹೊಟ್ಟೆಯ ಬಳಿ ಇದ್ದರು, ಕೈಗೆ ಸೂಜಿ ಚುಚ್ಚುವವರಿದ್ದರು. ತಲೆಯ ಬಳಿ ಒಬ್ಬರೂ ಇರಲಿಲ್ಲ. ಅವಳ ಜೀವ ಉಳಿಸಿದವರು ಅವರೇ, ಅದನ್ನು ಅವಳು ಅಲ್ಲಗಳೆಯಲಾರಳು. ಆದರೆ ಮಗು ಇಲ್ಲವೆಂದು ಅವಳಿಗೆ ತಿಳಿದದ್ದು ಸಂಜೆ, ನೆಲ ಒರೆಸಲು ಬಂದವಳ ಬಾಯಿಂದ.

ಗಂಡ ಇನ್ನೊಂದು ದಾರಿ ನೋಡಿಕೊಂಡ. ತಂಗಿ ಅಕ್ಕನ ಮನೆ ಸೇರಿದಳು. ಅಕ್ಕ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದಳು. ಊರಲ್ಲಿ ಬೇರೆ ಕೆಲಸವೇ ಇರಲಿಲ್ಲವೇ ಎಂದು ತಂಗಿಗೆ ಅನ್ನಿಸಿತ್ತು, ಬಾಯಿ ಬಿಟ್ಟು ಅನ್ನಲಿಲ್ಲ. ಆಗಿನ್ನೂ ಇಬ್ಬರ ನಡುವೆ ಮಾತಿತ್ತು, ಒಂದಿಷ್ಟು ನಗುವೂ ಇತ್ತು. ಆ ಒಂದು ವಿಷಯ ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದರು.

ಒಂದು ದಿನ ಅಕ್ಕ ಕನ್ನಡಕ ಮರೆತು ಹೋದಳು. ಕನ್ನಡಕವಿಲ್ಲದಿದ್ದರೆ ಅವಳಿಗೆ ಎದುರಿನ ಗೋಡೆಯೂ ಕಾಣಿಸದು. ತಂಗಿ ಗಟ್ಟಿ ಮನಸ್ಸು ಮಾಡಿ ಆಸ್ಪತ್ರೆಗೆ ಹೋದಳು. "ಅವರಾ? ಮೇಲಿದಾರೆ, ಕೊನೇ ಕೋಣೆ," ಎಂದ ಕಾವಲಿನವನು ಹಲ್ಲು ಕಿರಿದ. ಕೊನೆಯ ಕೋಣೆಯ ಬಾಗಿಲಿಗೆ ಗಾಜಿತ್ತು. ತಂಗಿ ಗಾಜಿನಲ್ಲಿ ನೋಡಿದಳು.

ಅಕ್ಕ ಮಂಚದ ಮೇಲೆ ಮಲಗಿದ್ದಳು. ಅವಳ ಸೊಂಟಕ್ಕೆ ದೊಡ್ಡದೊಂದು ಸುಳ್ಳು ಹೊಟ್ಟೆ ಕಟ್ಟಿದ್ದರು. ಪಕ್ಕದಲ್ಲಿ ಬಟ್ಟೆಯ ಗೊಂಬೆ ಬಿದ್ದಿತ್ತು. ಕಾಲುಗಳ ನಡುವಿನಿಂದ ಕೆಂಪು ನೀರು ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಸುತ್ತ ನರ್ಸುಗಳು ನಿಂತಿದ್ದರು. ಅಕ್ಕ ಕೂಗುತ್ತಿದ್ದಳು, "ಏನಾಗ್ತಿದೆ? ಯಾರಾದ್ರೂ ಹೇಳ್ರೀ... ನನ್ನ ಮಗು ಯಾಕೆ ಅಳ್ತಿಲ್ಲ?"

ಅದೇ ಮಾತು. ಅದೇ ದನಿ. ಒಂದಕ್ಷರ ಆಚೀಚೆ ಇಲ್ಲ.

ತಂಗಿ ಗೋಡೆ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಎಲ್ಲರೂ ನಗುತ್ತಿದ್ದರು. ಅಕ್ಕನ ನಗು ಎಲ್ಲರಿಗಿಂತ ಜೋರಾಗಿತ್ತು.

ಕನ್ನಡಕವನ್ನು ಕಾವಲಿನವನ ಮೇಜಿನ ಮೇಲೆ ಇಟ್ಟು ಬಂದುಬಿಟ್ಟಳು. ಅಂದು ಸಂಜೆ ಅಕ್ಕ ಬಂದು, ಚಪ್ಪಲಿಯನ್ನೂ ಬಿಡದೆ, "ನೀನು ಮೇಲೆ ಬಂದಿದ್ಯಾ?" ಎಂದು ಕೇಳಿದಳು. ತಂಗಿ "ಇಲ್ಲ" ಎಂದಳು. ಅಕ್ಕನ ಉಗುರುಗಳ ಸಂದಿಯಲ್ಲಿ ಇನ್ನೂ ಕೆಂಪು ಉಳಿದಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು. ತಂಗಿ ಯಂತ್ರದ ಮೇಲೆ ಕಾಲಿಟ್ಟು ತುಳಿಯತೊಡಗಿದಳು. ಅದಾದ ಮೇಲೆ ಆ ಮನೆಯಲ್ಲಿ ಹಾಲು ಬಂತು, ಬೀಗ ಹಾಕಿದೀನಿ, ದೀಪ ಆರಿಸು, ಇಷ್ಟೇ ಮಾತು. ಅದರಲ್ಲೇ ಇಬ್ಬರೂ ಮುದುಕಿಯರಾದರು.

*

ಬಂದವರಲ್ಲಿ ಹಿರಿಯಳು ನರ್ಸುಗಳಿಗೆ ತರಬೇತಿ ಕೊಡುವ ಸಿಸ್ಟರ್. ಒಣಕಲು ಮೈ, ಗಟ್ಟಿ ಮಣಿಕಟ್ಟು, ಸಾವಿರ ಮಕ್ಕಳನ್ನು ಎತ್ತಿ ಪಳಗಿದ ಕೈ. ಅಳುವ ಹುಡುಗಿಯನ್ನು ಒಂದು ನೋಟದಲ್ಲೇ ಸುಮ್ಮನಾಗಿಸಿ, ತಂಗಿಯ ಎದುರು ಕೂತಳು.

"ನಾನು ಒಂದು ಕೈ ಹಾಕ್ಲಾ?"

ತಂಗಿ ಬೇಡ ಅನ್ನಬೇಕೆಂದಿದ್ದಳು. ಆದರೆ ಬೆಳಗಿನಿಂದ ಒಬ್ಬಳೇ ಎಳೆದಾಡಿ ಅವಳ ಕೈ ಸೋತಿತ್ತು. ಸರಿದು ಜಾಗ ಬಿಟ್ಟಳು.

ಸಿಸ್ಟರ್ ತನ್ನ ಕೈಯನ್ನು ಅಂಗಿಯ ತೋಳಿನ ತುದಿಯಿಂದ ಒಳಗೆ ಹಾಕಿ, ಅಕ್ಕನ ಕೈಯನ್ನು ಒಳಗಿನಿಂದಲೇ ಹಿಡಿದುಕೊಂಡಳು. ಅಕ್ಕನ ಮುಖದ ಹತ್ತಿರ ಬಾಗಿದಳು.

"ಅಕ್ಕಾ, ನಿಮ್ಮ ಎಡಗೈ ಹಿಡ್ಕೊಂಡಿದೀನಿ. ಈಗ ಸ್ವಲ್ಪ ಎಳೀತೀವಿ. ಆಮೇಲೆ ಆ ಕಡೆ ತಿರುಗಿಸ್ತೀವಿ, ಆಯ್ತಾ?"

ಎದುರುಮನೆಯಾಕೆ ಹುಬ್ಬು ಹಾರಿಸಿದಳು. ತಂಗಿಗೆ ತಡೆಯಲಾಗಲಿಲ್ಲ.

"ಅವಳಿಗೆ ಕೇಳ್ಸುತ್ತಾ?"

"ಇಲ್ಲ," ಎಂದಳು ಸಿಸ್ಟರ್, ಒಂದಿಷ್ಟೂ ನಾಚದೆ. "ನಮಗೆ ಅಭ್ಯಾಸ ಆಗಿಹೋಗಿದೆ. ಹೇಳದೆ ಮುಟ್ಟೋಕೆ ಕೈ ಬರೋದಿಲ್ಲ. ಅವರೇ ಮಾಡ್ಸಿದ ಅಭ್ಯಾಸ."

ತೋಳು ಮೊಣಕೈ ದಾಟಿ ಕಂಕುಳ ಬಳಿ ಮತ್ತೆ ಬಿಗಿಯಿತು. ಅಕ್ಕನ ಮೈ ಊದಿಕೊಂಡಿತ್ತು. ಅದು ಇವತ್ತಿನ ಊತವಲ್ಲ, ಬಹಳ ದಿನದ್ದು. ಈ ಅಂಗಿ ಅವಳಿಗೆ ಯಾವತ್ತೂ ಸರಿಯಾಗಿ ಆಗಿರಲಿಲ್ಲ ಎನ್ನುವುದು ತಂಗಿಗೆ ಈಗ ಹೊಳೆಯಿತು. ಎದ್ದು ಹೋಗಿ ಹೊಲಿಗೆ ಬಿಚ್ಚುವ ಮೊನೆ ತಂದು, ಕಂಕುಳಿನ ಹೊಲಿಗೆಯನ್ನು ಒಂದೊಂದಾಗಿ ಬಿಡಿಸತೊಡಗಿದಳು. ಕಣ್ಣು ಮಂಜಾಗಿ ಎರಡು ಕಡೆ ಬಟ್ಟೆಯೂ ಹರಿಯಿತು.

ಅಷ್ಟರಲ್ಲಿ ಚಿಕ್ಕಪ್ಪನ ಮಗ ಕೆಳಗಿನಿಂದಲೇ ಗಂಟಲು ಹರಿಯುವಂತೆ ಕೂಗಿದ.

"ಪುಟ್ಟೀ! ಏ ಪುಟ್ಟೀ! ಗಾಡಿ ಬಂತು!"

ಕೋಣೆಯಲ್ಲಿದ್ದ ಅಷ್ಟೂ ಹೆಂಗಸರು ಒಟ್ಟಿಗೆ ತಲೆ ಎತ್ತಿದರು. ಅಳುತ್ತಿದ್ದ ಹುಡುಗಿ ಮೂಗು ಒರೆಸುವುದನ್ನೂ ಮರೆತಳು. ಸಿಸ್ಟರ್ ತಂಗಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಪುಟ್ಟಿ ಅಂದ್ರೆ... ನೀವಾ?"

"ಮನೇಲಿ ಕರೆಯೋದು. ಯಾಕೆ?"

"ಪುಟ್ಟಿ ಅಂತ ಒಬ್ರು ನಿಜವಾಗ್ಲೂ ಇದಾರೆ ಅಂತ ಈ ಹುಡುಗೀರಲ್ಲಿ ಯಾರಿಗೂ ಗೊತ್ತಿಲ್ಲ," ಎಂದಳು ಸಿಸ್ಟರ್ ನಿಧಾನವಾಗಿ. "ನನಗೊಬ್ಬಳಿಗೆ ಗೊತ್ತು."

"ಏನು ಗೊತ್ತು?" ತಂಗಿಯ ದನಿ ಗಡುಸಾಯಿತು. "ನನ್ನ ಗೋಳನ್ನ ನಿಮ್ಮ ಮುಂದೆ ನಾಟಕ ಆಡಿ ತೋರಿಸ್ತಿದ್ಲು, ಅದಾ? ನಾನು ನೋಡಿದೀನಿ. ಎಲ್ಲರೂ ನಗ್ತಿದ್ರಿ. ಕಿವಿಯಾರೆ ಕೇಳಿದೀನಿ."

ಇಷ್ಟು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಿತ್ತು. ಹೇಳಬೇಕಾದವಳಿಗೆ ಹೇಳದೆ, ಅವಳ ಹೆಣದ ಮುಂದೆ ಹೇಳಿದಂತಾಯಿತಲ್ಲ ಎಂದು ತಂಗಿಗೆ ಅಳು ಬಂತು. ಎದುರುಮನೆಯಾಕೆ ಮೆಲ್ಲಗೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವಳಿಂದ ಅಷ್ಟು ಸೂಕ್ಷ್ಮವನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಸಿಸ್ಟರ್ ಅಕ್ಕನ ಕೈಯನ್ನು ಬಿಡದೆಯೇ ಮಾತಾಡಿದಳು.

"ಹೆರಿಗೆ ಆದಮೇಲೆ ರಕ್ತ ಹೋಗೋಕೆ ಶುರುವಾದ್ರೆ ಯೋಚನೆ ಮಾಡ್ತಾ ನಿಲ್ಲೋಕಾಗಲ್ಲ. ಯಾರು ಔಷಧಿ ಕೊಡ್ಬೇಕು, ಯಾರು ಹೊಟ್ಟೆ ಒತ್ತಬೇಕು, ಎಲ್ಲಾ ಮೊದ್ಲೇ ಕೈಗೆ ಬಂದಿರ್ಬೇಕು. ಅದಕ್ಕೇ ತಿಂಗಳಿಗೊಂದು ಸಲ ಸುಳ್ಳು ಹೆರಿಗೆ ಮಾಡ್ತೀವಿ. ಮೊದ್ಲು ಗೊಂಬೆ ಮಲಗಿಸ್ತಿದ್ವಿ. ಗೊಂಬೆಗೆ ನೋವಿಲ್ಲ, ಮಾತಿಲ್ಲ, ನಾವು ಹರಟೆ ಹೊಡ್ಕೊಂಡೇ ಮುಗಿಸ್ತಿದ್ವಿ. ಯಾರಾದ್ರೂ ಮನುಷ್ಯರು ಮಲಗಿ ಅಂದೆ. ಒಬ್ರೂ ಮುಂದೆ ಬರ್ಲಿಲ್ಲ. ಇವ್ರು ಕೊಳೆ ಬಟ್ಟೆ ಒಯ್ಯೋಕೆ ಬಂದಿದ್ರು. 'ಮಲಗೋ ಕೆಲಸಾನಾ? ಕೊಡಿ, ಬೆಳಗ್ಗಿಂದ ಸೊಂಟ ಬಿದ್ದೋಗಿದೆ' ಅಂತ ಹತ್ತಿ ಮಲಗೇಬಿಟ್ರು."

ಅಳುತ್ತಿದ್ದ ಹುಡುಗಿ ಫಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡಳು.

"ಕೆಂಪು ನೀರು ಸುರಿದು, ಎಷ್ಟು ರಕ್ತ ಹೋಯ್ತು ಹೇಳಿ ಅಂತ ಕೇಳ್ತೀವಿ. ದೊಡ್ಡ ಡಾಕ್ಟರೂ ಕಮ್ಮಿ ಹೇಳಿದ್ರು, ನಾನೂ ಕಮ್ಮಿ ಹೇಳಿದೆ. ನೆನೆದ ಬಟ್ಟೆ ತೂಕಕ್ಕೆ ಹಾಕಿ ನೋಡಿದ್ರೆ ಹೆಚ್ಚುಕಮ್ಮಿ ಎರಡರಷ್ಟಿತ್ತು. ಅವತ್ತಿಂದ ಕಣ್ಣಳತೆ ನಂಬೋದು ಬಿಟ್ವಿ. ನಿಜವಾದ ಹೆರಿಗೇಲೂ ತೂಕ ಹಾಕೇ ನೋಡೋದು. ಅದೆಲ್ಲ ಸರಿಯಾಗೇ ಕಲಿತ್ವಿ. ಮುಗಿದ ಮೇಲೆ ಮಲಗಿದ್ದೋರನ್ನ ಕೇಳ್ಬೇಕು, ನಿಮಗೆ ಹೇಗನ್ನಿಸ್ತು ಅಂತ. ಇವ್ರು ಎದ್ದು ಕೂತು, 'ಎಲ್ಲಾ ಚೆನ್ನಾಗಿ ಮಾಡಿದ್ರಿ, ನನಗೊಬ್ಬಳಿಗೆ ಏನೂ ಹೇಳ್ಲಿಲ್ಲ' ಅಂದ್ರು."

ತಂಗಿಯ ಕೈಯಲ್ಲಿದ್ದ ಮೊನೆ ನಿಂತಿತು.

"ಆಮೇಲಿಂದ ಒಬ್ಬರನ್ನ ತಲೆ ಹತ್ರ ನಿಲ್ಲಿಸೋಕೆ ಶುರುಮಾಡಿದ್ವಿ. ಅವರಿಗೆ ಬೇರೆ ಏನೂ ಕೆಲಸ ಇಲ್ಲ, ಹೆಸರು ಹಿಡಿದು ಕರೀಬೇಕು, ಏನಾಗ್ತಿದೆ ಹೇಳ್ಬೇಕು, ಅಷ್ಟೇ. ಹೆಸರೇನಮ್ಮಾ ಅಂತ ಕೇಳಿದ್ರೆ ಇವ್ರು ಪ್ರತಿ ಸಲಾನೂ 'ಪುಟ್ಟಿ' ಅನ್ನೋರು. ಸ್ವಂತ ಹೆಸರು ಒಂದು ದಿನಾನೂ ಹೇಳ್ಲಿಲ್ಲ. ಈ ಹುಡುಗೀರೆಲ್ಲ ಕಲಿತಿರೋದು ಹಾಗೇನೇ. 'ಪುಟ್ಟಿ, ರಕ್ತ ಜಾಸ್ತಿ ಹೋಗ್ತಿದೆ, ನಿಲ್ಲಿಸ್ತಿದೀವಿ. ಪುಟ್ಟಿ, ಮಗೂನ ಪಕ್ಕದಲ್ಲೇ ನೋಡ್ತಿದಾರೆ. ಪುಟ್ಟಿ, ನಾನಿಲ್ಲೇ ಇದೀನಿ.'"

ಕಿಟಕಿಯಾಚೆ ಗಾಡಿಯವನು ಹಾರ್ನ್ ಹೊಡೆದ.

"ಯಾಕೆ ಪುಟ್ಟಿ ಅಂತ ಒಂದು ದಿನ ಕೇಳಿದೆ. 'ನನ್ನ ತಂಗಿ ಒಳಗೆ ಕೂಗ್ತಿದ್ಲು, ನಾನು ಹೊರಗಿದ್ದೆ. ಪುಟ್ಟಿ, ನಾನಿಲ್ಲೇ ಇದೀನಿ ಅಂತ ಬಾಗಿಲಿಗೆ ಬಾಯಿ ಇಟ್ಟು ಕೂಗಿದೆ, ಅವಳಿಗೆ ಕೇಳಿಸ್ಲಿಲ್ಲ' ಅಂದ್ರು. ನಿಮ್ಮ ತಂಗಿಗೆ ಇದನ್ನ ಹೇಳಿ ಅಂದೆ. 'ಹೇಳೋಕೆ ಹೋದ್ರೆ ಯಂತ್ರ ಓಡಿಸ್ತಾಳೆ' ಅಂದ್ರು. ಇನ್ನು ನಗೋದಾ? ಹೌದಮ್ಮ, ನಗ್ತಿದ್ವಿ. 'ಇಷ್ಟು ರಕ್ತ ಹೋದೋಳಿಗೆ ಒಂದು ಲೋಟ ಚಹಾನೂ ಇಲ್ವೇನ್ರೇ' ಅಂತ ಕೇಳೋರು. ನಗದೇ ಇದ್ರೆ ಮುಂದಿನ ಹೆರಿಗೆಗೆ ಹೋಗೋಕೆ ನಮಗೆ ಧೈರ್ಯ ಬರ್ತಿರ್ಲಿಲ್ಲ."

ತಂಗಿ ಉಳಿದ ಹೊಲಿಗೆಯನ್ನು ಬಿಚ್ಚಿ ಮುಗಿಸಿದಳು. ತೋಳು ಭುಜದ ತನಕ ಸಲೀಸಾಗಿ ಬಂತು. ಬಿಚ್ಚಿದ ಜಾಗವನ್ನು ಹಾಗೇ ಬಿಡಲು ಮನಸ್ಸಾಗದೆ, ಸೂಜಿ ತಂದು, ಅಕ್ಕನ ಮೈ ಮೇಲೆಯೇ ಸಡಿಲವಾಗಿ ನಾಲ್ಕು ಹೊಲಿಗೆ ಹಾಕಿದಳು. ಹಲ್ಲಿನಿಂದ ದಾರ ಕತ್ತರಿಸಲು ಬಾಗಿದಾಗ ಅವಳ ಕೆನ್ನೆ ಅಕ್ಕನ ಭುಜಕ್ಕೆ ತಗುಲಿತು. ಎಷ್ಟೋ ವರ್ಷಗಳಿಂದ ಅವಳು ಅಕ್ಕನಿಗೆ ಅಷ್ಟು ಹತ್ತಿರ ಬಂದಿರಲಿಲ್ಲ. ಭುಜ ತಣ್ಣಗಿತ್ತು.

*

ಮೆಟ್ಟಿಲು ಕಿರಿದು, ತಿರುವುಗಳು ಇನ್ನೂ ಕಿರಿದು. ಹೆಣದ ಹಲಗೆಗೆ ಹೆಂಗಸರೇ ಕೈ ಕೊಟ್ಟರು. ಚಿಕ್ಕಪ್ಪನ ಮಗ "ನಾವು ಗಂಡಸ್ರು ಹಿಡೀತೀವಿ ಬಿಡಿ," ಎಂದು ಮುಂದೆ ಬಂದ. "ದಿನಾ ಎತ್ತೋರು ನಾವೇ, ನೀವು ಫೋನ್ ಹಿಡ್ಕೊಳ್ಳಿ," ಎಂದಳು ದಪ್ಪ ಹುಡುಗಿ. ಅವನು ಫೋನನ್ನೇ ಹಿಡಿದುಕೊಂಡ.

ಸಿಸ್ಟರ್ ಅಭ್ಯಾಸಬಲದಿಂದ ತಲೆಯ ಕಡೆಗೆ ಹೋದಳು. ಅಲ್ಲಿ ಆಗಲೇ ತಂಗಿ ನಿಂತಿದ್ದಳು. ಸಿಸ್ಟರ್ ಒಂದು ಕ್ಷಣ ಅವಳನ್ನು ನೋಡಿ, ತಾನು ಹೋಗಿ ಕಾಲಿನ ಕಡೆ ಹಲಗೆ ಹಿಡಿದಳು.

ಹಲಗೆ ಎದ್ದಿತು. ತಂಗಿ ಬಾಯಿ ತೆರೆದಳು, ಮಾತು ಬರಲಿಲ್ಲ. ಬಳಸದೆ ಬಿಟ್ಟ ಬೀಗ ಅಷ್ಟು ಸುಲಭಕ್ಕೆ ತೆರೆಯುತ್ತದೆಯೇ? ಹೊಸ್ತಿಲು ದಾಟಿದರು, ಮೊದಲ ತಿರುವು ಬಂತು, ಹಲಗೆ ಒಂದು ಕಡೆ ವಾಲಿತು. ಅಕ್ಕನ ತಲೆ ಸ್ವಲ್ಪ ಜರುಗಿತು.

"ಅಕ್ಕಾ," ಎಂದಳು ತಂಗಿ. "ತಿರುವು."

ಅಷ್ಟೇ ಬಂತು. ಇನ್ನೂ ನಾಲ್ಕು ಮೆಟ್ಟಿಲು ಇಳಿದ ಮೇಲೆ ಮತ್ತಷ್ಟು ಬಂತು.

"ಕಾಲು ಮುಂದಾಗಿ ಇಳಿಸ್ತಿದಾರೆ. ಹೆದರ್ಕೋಬೇಡ. ನಿನ್ನ ಹುಡುಗೀರೇ ಹಿಡ್ಕೊಂಡಿರೋದು." ಎರಡನೆಯ ಮಹಡಿಯಲ್ಲಿ ಜನ ಬಾಗಿಲು ತೆರೆದು ನೋಡುತ್ತಿದ್ದರು. "ಜನ ನೋಡ್ತಿದಾರೆ. ನೋಡ್ಲಿ ಬಿಡು. ಅಂಗಿ ಬಿಗಿ ಆಗಿತ್ತು ಅಂತ ನೀನು ಹೇಳ್ಬೇಕಿತ್ತು ಕಣೇ. ಒಂದು ಮಾತು ಹೇಳಿದ್ರೆ ಸಡಿಲ ಮಾಡಿ ಕೊಡ್ತಿದ್ದೆ."

ಗಾಡಿಯಲ್ಲಿ ತಲೆಯ ಪಕ್ಕ ಕೂತು ದಾರಿಯುದ್ದಕ್ಕೂ ಹೇಳಿದಳು. ಈಗ ಸೇತುವೆ, ಈಗ ಆಸ್ಪತ್ರೆ ರಸ್ತೆ, ಈಗ ಕೆಂಪು ದೀಪಕ್ಕೆ ನಿಂತಿದೀವಿ. ಎದುರು ಕೂತಿದ್ದ ಚಿಕ್ಕಪ್ಪನ ಮಗ ಫೋನನ್ನು ಜೇಬಿಗೆ ಹಾಕಿ ಹೊರಗೆ ನೋಡುತ್ತಿದ್ದ.

ಚಿತಾಗಾರದಲ್ಲಿ ಸಣ್ಣ ಪಡಸಾಲೆ, ಗೋಡೆಯಲ್ಲಿ ಉಕ್ಕಿನ ಬಾಗಿಲು, ಪಕ್ಕದಲ್ಲಿ ಗುಂಡಿಗಳ ಫಲಕ. ಅಲ್ಲಿನ ಕೆಲಸಗಾರ ಹಲಗೆಯನ್ನು ಹಳಿಯ ಮೇಲೆ ಇರಿಸಿದ. ಯಾವ ಮುಖವನ್ನೂ ನೋಡದಿರುವುದನ್ನು ಕಲಿತ ಮನುಷ್ಯ ಅವನು.

"ಇಲ್ಲಿಗೇ ನಿಲ್ಬೇಕಮ್ಮ. ಮುಂದೆ ಯಾರೂ ಬರೋ ಹಾಗಿಲ್ಲ."

ಸಿಸ್ಟರ್ ತಂಗಿಯ ತೋಳು ಹಿಡಿದುಕೊಂಡಳು. ಹಳಿ ಸದ್ದು ಮಾಡಿತು. ಬೂದು ಬಣ್ಣದ ಅಂಗಿ, ಕಂಕುಳ ಬಳಿಯ ಸಡಿಲ ಹೊಲಿಗೆ, ಹಣ್ಣಾದ ಕೂದಲು, ಒಂದಾದ ಮೇಲೊಂದು ಒಳಗೆ ಸರಿದವು. ಉಕ್ಕಿನ ಬಾಗಿಲು ಮೇಲಿನಿಂದ ಇಳಿದು ಮುಚ್ಚಿತು. ಒಳಗೆ ಏನೋ ಗುಡುಗಿದಂತೆ ಶುರುವಾಯಿತು.

"ಆಯ್ತು, ಹೊರಗೆ ಕೂತ್ಕೊಳ್ಳಿ," ಎಂದ ಕೆಲಸಗಾರ. ಒಬ್ಬೊಬ್ಬರಾಗಿ ಉಳಿದವರೆಲ್ಲ ಹೊರಟರು. ದಪ್ಪ ಹುಡುಗಿಯ ಅಳು ಅಂಗಳದಲ್ಲಿ ಕೇಳಿಸುತ್ತಿತ್ತು.

ತಂಗಿ ಸಿಸ್ಟರ್ ಹಿಡಿದಿದ್ದ ತೋಳನ್ನು ಬಿಡಿಸಿಕೊಂಡಳು. ಫಲಕ ದಾಟಿ, ಹಳದಿ ಗೆರೆ ದಾಟಿ, ಉಕ್ಕಿನ ಬಾಗಿಲ ಹತ್ತಿರ ಹೋದಳು. ಕೆಲಸಗಾರ "ಅಮ್ಮಾ, ಬಿಸಿ ಇರುತ್ತೆ," ಎಂದು ಎದ್ದ. ಎದ್ದವನು ಅಲ್ಲೇ ನಿಂತ.

ಅವಳು ಬಾಗಿಲಿಗೆ ಬಾಯಿ ಹತ್ತಿರ ತಂದಿದ್ದಳು.

"ಬಾಗಿಲು ಹಾಕಿದ್ರು, ಅಕ್ಕಾ," ಎಂದಳು. ಒಳಗಿನ ಸದ್ದು ಜೋರಾಯಿತು. ಅವಳೂ ದನಿ ಏರಿಸಿದಳು. "ನಾನಿಲ್ಲೇ ಇದೀನಿ!"